ತೊಯ್ದ ಕಾಳು ಮೇಲಿರಲಿ: ಕಾಂಟಾದಿಂದ ಕಟ್ಟೆಯವರೆಗೆ ಪ್ರವಾದಿ ನಡತೆ

ನವೆಂಬರ್‌ನಲ್ಲಿ ಸಿಂಧನೂರು, ಕಾರಟಗಿ, ಗಂಗಾವತಿ ಸೀಮೆಯಲ್ಲಿ ಭತ್ತದ ಕೊಯ್ಲು ನಡೆದಿರುವಾಗ ಒಂದು ರಾತ್ರಿ ಮಳೆ ಬಿದ್ದರೆ ಸಾಕು, ರಸ್ತೆ ಬದಿಗೆ ಒಣಹಾಕಿದ ರಾಶಿಯ ಅಂಚೆಲ್ಲ ತೊಯ್ದಿರುತ್ತದೆ. ಬೆಳಗ್ಗೆ ಚೀಲ ತುಂಬುವವನ ಮುಂದೆ ಒಂದೇ ಪ್ರಶ್ನೆ: ತೊಯ್ದ ಕಾಳು ತಳಕ್ಕೋ, ಮೇಲಕ್ಕೋ? ಪ್ರವಾದಿ ಮುಹಮ್ಮದರ (ಸ) ನಡತೆ ಕಲಿಯಬೇಕು ಎನ್ನುವವರು ಇಲ್ಲಿಂದ ಶುರು ಮಾಡುವುದೇ ಸರಿ. ಟೋಪಿ, ಜುಬ್ಬಾ, ಅತ್ತರು ಒಂದೇ ದಿನದಲ್ಲಿ ಬರುತ್ತವೆ. ದುಡ್ಡೂ ಸಿಟ್ಟೂ ಒಟ್ಟಿಗೆ ಸೇರುವ ಜಾಗದಲ್ಲಿ ಅಖ್ಲಾಕ್ (ಒಳ್ಳೆಯ ನಡತೆ) ಬರುವುದು ತಡ.

ಮದೀನಾದ ಪೇಟೆಯಲ್ಲಿ ಅವರು ಧಾನ್ಯದ ರಾಶಿಯೊಂದರ ಮುಂದೆ ನಿಂತು ಒಳಗೆ ಕೈ ಹಾಕಿದರು. ಬೆರಳಿಗೆ ತೇವ ಹತ್ತಿತು. ಇದೇನೆಂದು ಕೇಳಿದಾಗ ಮಳೆ ಬಿತ್ತೆಂದ ವ್ಯಾಪಾರಿ. ಹಾಗಿದ್ದರೆ ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲ, ಮೋಸ ಮಾಡುವವನು ನಮ್ಮವನಲ್ಲ ಎಂದರು. ಈ ಹದೀಸನ್ನು (ಪ್ರವಾದಿಯವರ ಮಾತು-ನಡೆಯ ವರದಿ) ಎಲ್ಲರೂ ಕೇಳಿರುತ್ತಾರೆ, ಆದರೆ ಅದರೊಳಗಿನ ವಿವೇಚನೆ ಜಾರಿಹೋಗುತ್ತದೆ. ಮಳೆಯನ್ನು ಅವರು ವ್ಯಾಪಾರಿಯ ತಪ್ಪೆನ್ನಲಿಲ್ಲ. ತೊಯ್ದ ಕಾಳು ಮಾರಲೇಬೇಡ ಎಂದೂ ಹೇಳಲಿಲ್ಲ. ಮುಚ್ಚಿಟ್ಟದ್ದನ್ನು ಮಾತ್ರ ಹಿಡಿದರು.

ಇದನ್ನು ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ಮಾಡುವ ಬಗೆ ಹೀಗೆ. ತೊಯ್ದದ್ದನ್ನು ಬೇರೆ ತಾಡಪತ್ರಿಯ ಮೇಲೆ ಹರಡಿ, ಬೇರೆ ಚೀಲಕ್ಕೆ ತುಂಬಿ, ಬೇರೆ ದರ ಕೇಳಿ. ಬೇರೆ ಮಾಡಲಾಗದಷ್ಟು ಬೆರೆತಿದ್ದರೆ, ದಲಾಲಿ ಸ್ಯಾಂಪಲ್ ತೆಗೆಯುವ ಮೊದಲೇ ಬಾಯಿಬಿಟ್ಟು ಹೇಳಿ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶಕ್ಕೆ ಶೇ 17ರ ಮಿತಿ ಇರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಹೆಚ್ಚು ಹಸಿ ಇದ್ದರೆ ಚೀಲದೊಳಗೇ ಕಾವು ಏರಿ ಕಾಳು ಹಳದಿಗೆ ತಿರುಗುತ್ತದೆ, ಮಿಲ್ಲಿನಲ್ಲಿ ನುಚ್ಚಾಗುತ್ತದೆ. ತಳಕ್ಕೆ ಹಾಕಿದವನು ತನ್ನ ನಷ್ಟವನ್ನು ಬಡ್ಡಿ ಸಮೇತ ಇನ್ನೊಬ್ಬನ ಗೋದಾಮಿಗೆ ಸಾಗಿಸಿದಂತೆಯೇ. ಬಳ್ಳಾರಿ ಕಡೆಯ ಮೆಣಸಿನಕಾಯಿಗೆ ರಾತ್ರಿ ನೀರು ಚಿಮುಕಿಸುವುದು, ರಾಯಚೂರಿನ ಹತ್ತಿಯಲ್ಲಿ ಬಿಳಿ ಅರಳೆ ಮೇಲೆ, ಹಳದಿ ಅರಳೆ ನಡುವೆ ಇಡುವುದು ಇದೇ ಜಾತಿಯದು. ತೂಕ ಏರುತ್ತದೆ ನಿಜ, ನಾಲ್ಕು ದಿನದಲ್ಲಿ ಮೆಣಸಿನಕಾಯಿಯ ತೊಟ್ಟಿನಲ್ಲಿ ಬೂಷ್ಟು ಕೂರುತ್ತದೆ.

"ಕೊಳ್ಳುವವನಿಗೆ ಕಣ್ಣಿಲ್ಲವೇ, ನೋಡಿಕೊಳ್ಳಲಿ" ಎಂಬುದು ಇಲ್ಲಿ ಕೇಳಿಬರುವ ಸಾಮಾನ್ಯ ಸಮಜಾಯಿಷಿ. ಇದು ನಿಲ್ಲುವುದಿಲ್ಲ. ಮಾರುವವನೂ ಕೊಳ್ಳುವವನೂ ಸತ್ಯ ಹೇಳಿ ದೋಷ ತೋರಿಸಿದರೆ ವ್ಯವಹಾರಕ್ಕೆ ಬರಕತ್ತು (ಸಮೃದ್ಧಿ), ಮುಚ್ಚಿಟ್ಟು ಸುಳ್ಳು ಹೇಳಿದರೆ ಬರಕತ್ತು ಅಳಿಯುತ್ತದೆ ಎಂದು ಅವರು ಇಬ್ಬರನ್ನೂ ಸೇರಿಸಿಯೇ ಹೇಳಿದ್ದಾರೆ. ಹಾಗಾಗಿ ಖರೀದಿದಾರನ ಲೆಕ್ಕವೂ ಇದೆ. 75 ಕೆಜಿ ಚೀಲಕ್ಕೆ ಸೂಟು (ತೂಕದಲ್ಲಿ ಕಡಿತ) ಹಿಡಿಯುವವರು ಎಷ್ಟು, ಯಾತಕ್ಕೆ (ತೇವಕ್ಕೋ, ಜೊಳ್ಳಿಗೋ, ಚೀಲದ ತೂಕಕ್ಕೋ) ಎಂದು ಕಾಂಟಾಕ್ಕೆ (ತಕ್ಕಡಿಗೆ) ಏರಿಸುವ ಮೊದಲೇ ಹೇಳಬೇಕು. ಲಾರಿ ತುಂಬಿದ ಮೇಲೆ ಹೊಸ ಸೂಟು ಹುಟ್ಟಿದರೆ ರೈತನಿಗೆ ಇಳಿಸಿಕೊಂಡು ಹೋಗುವ ದಾರಿಯೇ ಇರುವುದಿಲ್ಲ. ಕುರ್‌ಆನಿನ 83ನೇ ಅಧ್ಯಾಯ ಶುರುವಾಗುವುದೇ ಇಂಥವರಿಂದ: ತಾವು ತೆಗೆದುಕೊಳ್ಳುವಾಗ ಪೂರ್ತಿ ಅಳೆಸಿಕೊಂಡು, ಕೊಡುವಾಗ ಕಡಿಮೆ ಕೊಡುವವರು.

ಕಿರಾಣಿ ಅಂಗಡಿಯವರಿಗೆ ಇನ್ನೊಂದು ಸುನ್ನತ್ತಿದೆ (ಪ್ರವಾದಿಯವರು ಹಾಕಿಕೊಟ್ಟ ಮಾದರಿ). ಪೇಟೆಯಲ್ಲಿ ಕೂಲಿಗೆ ತೂಗುತ್ತಿದ್ದವನಿಗೆ ಪ್ರವಾದಿಯವರು "ತೂಗು, ತುಸು ಬಾಗಿಸು" ಎಂದರು. ಇಂದಿನ ಡಿಜಿಟಲ್ ಕಾಂಟಾದಲ್ಲಿ ಬಾಗಿಸುವುದೆಂದರೆ ಒಂದು ಕೆಜಿ ಸಕ್ಕರೆಗೆ 995 ಗ್ರಾಂ ಬದಲು 1,005 ಗ್ರಾಂ ಬೀಳುವುದು. ನೂರು ಕೆಜಿ ಮಾರಿದರೆ ಹೋಗುವುದು ಅರ್ಧ ಕೆಜಿ, ಅಷ್ಟೇ ಖರ್ಚು. ಅದಕ್ಕೂ ಮೊದಲು ಬೆಳಗ್ಗೆ ಅಂಗಡಿ ತೆರೆದೊಡನೆ 500 ಗ್ರಾಂ ಮುದ್ರೆಯ ಬಟ್ಟು ಇಟ್ಟು ನೋಡಿ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ, ಆಮೇಲೆ ಸಾಮಾನು ಹಾಕಿ. ವರ್ಷಕ್ಕೊಮ್ಮೆ ಮಾಪನ ಇಲಾಖೆಯ ಮುದ್ರೆ ಹಾಕಿಸಿ. ಒಂದು ಎಚ್ಚರ: ಸಂಬಳಕ್ಕಿರುವ ಹುಡುಗ ಯಜಮಾನನ ಅನುಮತಿಯಿಲ್ಲದೆ ಬಾಗಿಸುವಂತಿಲ್ಲ. ಪರರ ಸಕ್ಕರೆಯಲ್ಲಿ ಉದಾರಿಯಾಗುವುದು ಸುನ್ನತ್ತಲ್ಲ.

ಉದ್ರಿ ಕೊಡುವಾಗ, ಕೇಳುವಾಗ

ಹೆಚ್ಚು ಜಗಳ ಹುಟ್ಟುವುದು ಉದ್ರಿ ಪುಸ್ತಕದಲ್ಲಿ. ಪ್ರವಾದಿಯವರಿಂದ ಒಂಟೆ ಬರಬೇಕಿದ್ದ ಒಬ್ಬನು ಬಂದು ಒರಟಾಗಿ ಮಾತಾಡಿದ. ಸಂಗಾತಿಗಳು ಮೈಮೇಲೆ ಏರಿ ಹೋದರು. "ಬಿಡಿ, ಹಕ್ಕುಳ್ಳವನಿಗೆ ಮಾತಾಡಲೂ ಹಕ್ಕಿದೆ" ಎಂದು ತಡೆದು, ಅದೇ ವಯಸ್ಸಿನ ಒಂಟೆ ಸಿಗದಾಗ ಅದಕ್ಕಿಂತ ಒಳ್ಳೆಯದನ್ನೇ ಕೊಡಿಸಿದರು. ಸಾಲಗಾರನ ಜಾಗದಲ್ಲಿ ನಿಂತಾಗ ಇದೇ ಮಾದರಿ. ಕೊಟ್ಟವನು ಕೂಗಾಡಿದರೆ ಅವನ ದನಿ ಹಿಡಿದು ವಾದ ಹೂಡಬೇಡಿ, ಅವನ ದುಡ್ಡಿನ ಮಾತಾಡಿ. ವಾಯಿದೆ ತಪ್ಪುತ್ತದೆ ಎಂದು ಗೊತ್ತಾದ ದಿನವೇ ಹೋಗಿ ಹೇಳಿ. ಫೋನ್ ಎತ್ತದೆ ಇರುವುದರಷ್ಟು ಸಿಟ್ಟೆಬ್ಬಿಸುವುದು ಬೇರೊಂದಿಲ್ಲ. ಇದ್ದೂ ಕೊಡದೆ ಮುಂದೂಡುವುದನ್ನು ಅವರು ಅನ್ಯಾಯವೆಂದೇ ಕರೆದಿದ್ದಾರೆ.

ಆ ಒಳ್ಳೆಯ ಒಂಟೆಯ ಕಥೆಯನ್ನು ತಪ್ಪಾಗಿ ಎಳೆಯುವವರೂ ಇದ್ದಾರೆ. ತೀರಿಸುವವನು ತಾನಾಗಿ ಹೆಚ್ಚು ಕೊಟ್ಟರೆ ಅದು ಔದಾರ್ಯ. "ಹತ್ತು ಸಾವಿರಕ್ಕೆ ಹನ್ನೊಂದು ಕೊಡು" ಎಂದು ಮೊದಲೇ ಮಾತಾಗಿದ್ದರೆ, ಅದಕ್ಕೆ ಏನೇ ಹೆಸರಿಟ್ಟರೂ ಬಡ್ಡಿಯೇ.

ಕೊಡುವವರು ಬರೆದು ಕೊಡಬೇಕು. ಕುರ್‌ಆನಿನ ಅತಿ ಉದ್ದದ ವಚನ (2:282) ಇರುವುದೇ ಸಾಲವನ್ನು ಬರೆದಿಡುವ ಬಗ್ಗೆ. ಮೊತ್ತ, ತಾರೀಖು, ಮರಳಿಸುವ ತಾರೀಖು, ಇಬ್ಬರು ಸಾಕ್ಷಿ. "ಭತ್ತ ಮಾರಿದ ಮೇಲೆ" ಎಂದು ಬರೆಯಬೇಡಿ. ದರ ಬರಲಿ ಎಂದು ಅವನು ಭತ್ತವನ್ನು ಎರಡು ತಿಂಗಳು ಕೂಡಿಟ್ಟರೆ ನಿಮ್ಮಿಬ್ಬರ ಸ್ನೇಹ ಆ ರಾಶಿಯ ಕೆಳಗೇ ಸಿಕ್ಕಿಬೀಳುತ್ತದೆ. ಬರೆಯುವುದು ಅಪನಂಬಿಕೆ ಎಂಬ ಸಂಕೋಚ ನಮ್ಮಲ್ಲಿ ಬಹಳ. ಅಣ್ಣತಮ್ಮಂದಿರ ನಡುವೆ ಬರೆಯದ ಕಾಗದವೇ ಕೋರ್ಟಿಗೆ ದಾರಿ. ಕೇಳುವಾಗ ಒಬ್ಬನೇ ಇದ್ದಾಗ ಕೇಳಿ. ಮದುವೆ ಚಪ್ಪರದಲ್ಲಿ, ಜುಮಾ ಮುಗಿದು ಚಪ್ಪಲಿ ಹುಡುಕುವ ಗುಂಪಿನಲ್ಲಿ ಕೇಳಬೇಡಿ. ನಿಜಕ್ಕೂ ಕೈಯಲ್ಲಿಲ್ಲದವನಿಗೆ ಅನುಕೂಲವಾಗುವವರೆಗೆ ಸಮಯ ಕೊಡಬೇಕು (2:280). ಮನ್ನಾ ಮಾಡಿದರೆ ಇನ್ನೂ ಮೇಲು.

ವ್ಯವಹಾರ ನಮ್ಮ ಜಮಾತಿನವರೊಂದಿಗೆ ಮಾತ್ರ ಎನ್ನುವವರು ಒಂದನ್ನು ನೆನೆಯಲಿ. ಕ್ರಿ.ಶ. 632ರಲ್ಲಿ ಪ್ರವಾದಿಯವರು ತೀರಿಕೊಂಡಾಗ ಅವರ ಯುದ್ಧಕವಚ 30 ಸಾಅ್ (ಆ ಕಾಲದ ಧಾನ್ಯದ ಅಳತೆ) ಜವೆಗೋಧಿಗಾಗಿ ಒಬ್ಬ ಯಹೂದಿಯ ಬಳಿ ಒತ್ತೆಯಿತ್ತು. ಹೆಚ್ಚೂ ಕಡಿಮೆ ನಮ್ಮ ಒಂದು ಚೀಲ ಧಾನ್ಯ.

ಬಟವಾಡೆಯ ದಿನ

ಕೂಲಿಯವನ ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಮಾತು ಗೋಡೆ ಮೇಲೆ ಬರೆಸುವಷ್ಟು ಪ್ರಸಿದ್ಧ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಾಗಲಿ, ಗಂಜಿನ ಹಮಾಲರ ವಿಷಯದಲ್ಲಾಗಲಿ ಅದನ್ನು ಪಾಲಿಸಬೇಕಾದರೆ ಕೂಲಿಯ ದರ ಕೆಲಸಕ್ಕೆ ಮುಂಚೆ ಗೊತ್ತಿರಬೇಕು. ಪೀಸಿನ ಲೆಕ್ಕವಾದರೆ ಹೊಲಿದವರ ಎದುರಿಗೇ ಎಣಿಸಿ, ತಿರಸ್ಕರಿಸಿದ ಪೀಸಿಗೆ ಕಾರಣ ಅಲ್ಲೇ ತೋರಿಸಿ. ವಾರದ ಬಟವಾಡೆ ಶನಿವಾರ ಎಂದಿದ್ದರೆ ಶನಿವಾರವೇ ಆಗಲಿ. ಶಕ್ತಿ ಮೀರಿದ ಕೆಲಸ ಹೇರಬೇಡಿ, ಹೇರಿದರೆ ನೀವೂ ಕೈಗೂಡಿಸಿ ಎಂಬುದೂ ಅವರದೇ ಆದೇಶ.

ಇದಕ್ಕಿಂತ ಕಷ್ಟದ್ದು ಬಾಯಿ. ಅನಸ್ (ರ) ಹತ್ತು ವರ್ಷ ಪ್ರವಾದಿಯವರ ಸೇವೆಯಲ್ಲಿದ್ದರು. ಪ್ರವಾದಿಯವರು ಒಮ್ಮೆಯೂ "ಛೆ" ಎನ್ನಲಿಲ್ಲ, ಮಾಡಿದ್ದಕ್ಕೆ "ಏಕೆ ಮಾಡಿದೆ" ಎಂದಾಗಲಿ ಮಾಡದ್ದಕ್ಕೆ "ಏಕೆ ಮಾಡಲಿಲ್ಲ" ಎಂದಾಗಲಿ ಕೇಳಲಿಲ್ಲ ಎಂದು ಅನಸರೇ ಹೇಳಿದ್ದಾರೆ. ಹತ್ತು ವರ್ಷ ನಮ್ಮಿಂದಾಗದು, ಒಂದು ಪಾಳಿಗೆ ಪ್ರಯತ್ನಿಸಿ. ಗ್ಲಾಸು ಒಡೆದ ಹುಡುಗನಿಗೆ "ಏಕೆ ಒಡೆದೆ" ಎನ್ನುವ ಬದಲು "ಕಾಲಿಗೆ ಚುಚ್ಚಿತಾ, ಕಸಬರಿಗೆ ತಾ" ಎನ್ನಿ. ಏಕೆ ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿಲ್ಲ, ಸುಳ್ಳು ಹುಟ್ಟಿಸುತ್ತಾನೆ ಅಷ್ಟೆ.

ಓಣಿ, ಬಾಗಿಲು, ಕಟ್ಟೆ

ಸಲಾಮಿನ ಕ್ರಮ ಸರಳ: ವಾಹನದವನು ನಡೆಯುವವನಿಗೆ, ನಡೆಯುವವನು ಕೂತವನಿಗೆ, ಕಿರಿಯ ಹಿರಿಯನಿಗೆ, ಚಿಕ್ಕ ಗುಂಪು ದೊಡ್ಡ ಗುಂಪಿಗೆ. ಆದರೂ ಪ್ರವಾದಿಯವರು ಆಡುವ ಮಕ್ಕಳಿಗೆ ತಾವೇ ಸಲಾಮ್ ಹೇಳುತ್ತಿದ್ದರು. ಯಾರದೇ ಮನೆಗೆ ಹೋದಾಗ ಬಾಗಿಲಿಗೆ ಎದುರಾಗಿ ನಿಲ್ಲದೆ ಎಡಕ್ಕೋ ಬಲಕ್ಕೋ ಸರಿದು ನಿಲ್ಲಿ, ತೆರೆದೊಡನೆ ಒಳಮನೆ ಕಣ್ಣಿಗೆ ಬೀಳಬಾರದೆಂದು. ಮೂರು ಸಲ ಕೇಳಿ, ಉತ್ತರವಿಲ್ಲದಿದ್ದರೆ ಬೇಸರವಿಲ್ಲದೆ ವಾಪಸಾಗಿ. ಮಿಸ್ಡ್ ಕಾಲ್ ಮೇಲೆ ಮಿಸ್ಡ್ ಕಾಲ್ ಕೊಡುವವರಿಗೂ ಇದೇ ಲೆಕ್ಕ. ಮೂರು ಜನ ಕೂತಾಗ ಇಬ್ಬರು ಪಿಸುಗುಟ್ಟಬಾರದು, ಮೂರನೆಯವನು ನೊಂದುಕೊಳ್ಳುತ್ತಾನೆ. ಕನ್ನಡ ಗೆಳೆಯ ಪಕ್ಕದಲ್ಲಿರುವಾಗ ದಖನಿ ಉರ್ದುವಿಗೆ ಜಾರುವುದೂ ಪಿಸುಮಾತೇ ಎಂದು ನಮ್ಮ ಎಣಿಕೆ.

ಕಟ್ಟೆ ಹಿಡಿದು ಕೂರುವವರಿಗೆ ರಸ್ತೆಯ ಹಕ್ಕುಗಳನ್ನು ಅವರು ಹೆಸರಿಸಿ ಹೇಳಿದ್ದಾರೆ: ನೋಟ ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರ, ಒಳಿತು ಹೇಳುವುದು, ಕೆಡುಕು ತಡೆಯುವುದು. ಬೈಕನ್ನು ಅಡ್ಡ ನಿಲ್ಲಿಸಿ ಹರಟುವವರು ಎರಡನೆಯದರಲ್ಲೇ ಸೋತಿರುತ್ತಾರೆ.

ಸಾರು ಮಾಡಿದಾಗ ನೀರು ಸ್ವಲ್ಪ ಹೆಚ್ಚಿಗೆ ಹಾಕಿ ನೆರೆಯವರನ್ನು ನೆನೆಯಿರಿ ಎಂಬ ಮಾತಿದೆ. ಬಾಗಿಲು ಹತ್ತಿರವಿದ್ದವರಿಗೆ ಮೊದಲು. ಪ್ರವಾದಿಯವರ ಸಂಗಾತಿ ಅಬ್ದುಲ್ಲಾ ಇಬ್ನ್ ಅಮ್ರ್ (ರ) ತಮ್ಮ ಮನೆಯಲ್ಲಿ ಆಡು ಕೊಯ್ದ ದಿನ ಕೇಳಿದ್ದು, ನಮ್ಮ ಯಹೂದಿ ನೆರೆಯವನಿಗೆ ಕೊಟ್ಟಿರಾ ಎಂದು. ಇಲ್ಲಿ ಎಡವುವುದು ಹೀಗೆ: ಬಕ್ರೀದ್ ಉತ್ಸಾಹದಲ್ಲಿ ಲಿಂಗಾಯತರ, ಬ್ರಾಹ್ಮಣರ ಮನೆಗೂ ಅದೇ ಡಬ್ಬಿ ಹೊರಡುತ್ತದೆ. ತಿನ್ನದವರಿಗೆ ಅದು ಉಡುಗೊರೆಯಲ್ಲ, ಮುಜುಗರ. ಹಣ್ಣು ಕಳಿಸಿ, ಇಲ್ಲವೇ ರಮ್ಜಾನಿಗೆ ಶೀರ್ ಖುರ್ಮಾ ಕಳಿಸಿ, ಅದನ್ನೂ ಮಾಂಸದ ಪಾತ್ರೆ ಮುಟ್ಟದ ಹೊಸ ಡಬ್ಬಿಯಲ್ಲಿ. ಅವರ ಹೋಳಿಗೆ ಬಂದಾಗ ಖುಷಿಯಿಂದ ತೆಗೆದುಕೊಳ್ಳಿ, ಡಬ್ಬಿಯನ್ನು ಖಾಲಿ ಮರಳಿಸಬೇಡಿ.

ನೆರೆಹೊರೆಯ ಮಾತು ಬಂದಾಗಲೆಲ್ಲ ಪ್ರವಾದಿಯವರ ಮೇಲೆ ದಿನಾ ಕಸ ಎಸೆಯುತ್ತಿದ್ದ ಮುದುಕಿಯ ಕಥೆ ಹೇಳುತ್ತಾರೆ. ವಿಶ್ವಾಸಾರ್ಹ ಹದೀಸ್ ಸಂಗ್ರಹಗಳಲ್ಲಿ ಅದಿಲ್ಲ. ಪ್ರವಾದಿಯವರ ಸೇವೆ ಮಾಡುತ್ತಿದ್ದ ಯಹೂದಿ ಹುಡುಗ ಕಾಯಿಲೆ ಬಿದ್ದಾಗ ತಾವೇ ನೋಡಲು ಹೋದದ್ದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಭಾಷಣಕ್ಕೆ ಇದನ್ನೇ ಬಳಸಿ.

ತಪ್ಪು ತಿದ್ದುವುದು, ಸಿಟ್ಟು ತಡೆಯುವುದು

ಬದುವಿ (ಮರುಭೂಮಿಯ ಅಲೆಮಾರಿ) ಒಬ್ಬ ಮಸೀದಿಯೊಳಗೇ ಮೂತ್ರ ಮಾಡಿದಾಗ ಜನ ಎದ್ದು ಗದರಿಸಿದರು. ಪ್ರವಾದಿಯವರು ಅವನು ಮುಗಿಸಲಿ ಎಂದು ಬಿಟ್ಟು, ಆಮೇಲೆ ಆ ಜಾಗಕ್ಕೆ ಒಂದು ಬಕೆಟ್ ನೀರು ಹೊಯ್ಯಿಸಿದರು. ನಡುವೆ ಓಡಿಸಿದ್ದರೆ ಮೈಯೂ ಬಟ್ಟೆಯೂ ಇನ್ನಷ್ಟು ಜಾಗವೂ ಕೆಡುತ್ತಿತ್ತು. ಸಫ್‌ನಲ್ಲಿ (ನಮಾಜಿನ ಸಾಲಿನಲ್ಲಿ) ಮೊಬೈಲ್ ರಿಂಗಾದ ಮುದುಕರ ಮೇಲೆ, ಓಡಾಡಿದ ಮಗುವಿನ ಮೇಲೆ ನಮಾಜ್ ಮುಗಿದೊಡನೆ ನಾಲ್ಕು ಜನ ಹರಿಹಾಯುವ ಕಡೆ ಈ ಬಕೆಟನ್ನು ನೆನೆಯಬೇಕು. ಒಬ್ಬರು ಸಾಕು, ಹೊರಗೆ ಬಂದ ಮೇಲೆ, ಮೆಲ್ಲಗೆ. ಎಲ್ಲರೆದುರು ಹೇಳಲೇಬೇಕಾದರೆ ಹೆಸರು ಹಿಡಿಯದೆ "ಕೆಲವರು ಹೀಗೆ ಮಾಡುತ್ತಾರಲ್ಲ" ಎನ್ನುವುದು ಅವರ ರೀತಿ. ವಾಟ್ಸಾಪ್ ಗುಂಪಿನಲ್ಲಿ ಹೆಸರು ಟ್ಯಾಗ್ ಮಾಡಿ ಹದೀಸ್ ಹಾಕುವುದು ಇದರ ತದ್ವಿರುದ್ಧ.

ಸಿಟ್ಟು ಬಂದಾಗ ನಿಂತಿದ್ದರೆ ಕೂರಿ, ಹೋಗದಿದ್ದರೆ ಮಲಗಿ, ಮಾತು ನಿಲ್ಲಿಸಿ. ಕೂತವನ ಕೈ ಎದುರಿಗಿನವನ ಕೊರಳಪಟ್ಟಿಗೆ ಸುಲಭಕ್ಕೆ ಎಟುಕುವುದಿಲ್ಲ, ಇದರ ಲಾಭ ಅಷ್ಟು ನೇರ. ಮಾತು ಬಿಟ್ಟಿದ್ದರೆ ಮೂರು ರಾತ್ರಿ ದಾಟಿಸಬೇಡಿ. ಇಬ್ಬರಲ್ಲಿ ಮೊದಲು ಸಲಾಮ್ ಹೇಳಿದವನೇ ಮೇಲು.

ಇಷ್ಟು ಹೊತ್ತಿಗೆ ಹಳೆಯ ಲೆಕ್ಕಗಳು ನೆನಪಾಗಿರುತ್ತವೆ: ಕಡಿಮೆ ತೂಗಿದ್ದು, ಕೊಡದೆ ಉಳಿಸಿಕೊಂಡ ಕೂಲಿ. ದೀನಾರೂ ದಿರ್ಹಮೂ ನಡೆಯದ ದಿನ ಬರುವ ಮುಂಚೆ ಇಂದೇ ತೀರಿಸಿಕೊಳ್ಳಿ ಎಂಬುದು ಅವರ ಮಾತು. ಬರೀ ತೌಬಾ (ಪಶ್ಚಾತ್ತಾಪ) ಇಲ್ಲಿ ಸಾಲದು, ವಸ್ತು ಒಡೆಯನಿಗೆ ತಲುಪಬೇಕು. ಅಂದಾಜು ಮೊತ್ತವನ್ನು ತುಸು ಜಾಸ್ತಿಯೇ ಹಿಡಿದು ಅವರ ಮನೆಗೆ ಕೊಂಡೊಯ್ಯಿರಿ. ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಅವರ ಹೆಸರಿನಲ್ಲಿ ಬಡವರಿಗೆ ದಾನ ಮಾಡಿ, ಪುಸ್ತಕದಲ್ಲಿ ಬರೆದಿಡಿ. ಮುಂದೊಂದು ದಿನ ಆ ಮನುಷ್ಯ ಎದುರಾದರೆ ನಡೆದದ್ದನ್ನು ಹೇಳಿ, ದಾನದ ಪುಣ್ಯ ಬೇಕೋ ಹಣ ಬೇಕೋ ಎಂದು ಕೇಳಿ. ಹಣವೇ ಬೇಕೆಂದರೆ ಮತ್ತೊಮ್ಮೆ ಎಣಿಸಿ ಕೊಡಬೇಕು.