ನಕ್ಷೆ ತರಬೇತಿ: ಮೊದಲ ದಿನ ಕಂಪ್ಯೂಟರ್ ಬೇಡ

ಶಿಕ್ಷಕರ ತರಬೇತಿಯನ್ನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಸಾಫ್ಟ್‌ವೇರಿನಿಂದಲೇ ಶುರು ಮಾಡಿದರೆ ಅರ್ಧ ದಿನ ಇನ್‌ಸ್ಟಾಲ್ ಮಾಡುವುದರಲ್ಲಿ ಹೋಗುತ್ತದೆ, ಇನ್ನರ್ಧ ದಿನ ‘ಯಾವ ಬಟನ್ ಒತ್ತಬೇಕು’ ಎಂದು ಕೇಳುವುದರಲ್ಲಿ. ಶಾಲೆಗೆ ಹೋದ ಮೇಲೆ ಮೆನು ಚೂರು ಬೇರೆ ಥರ ಕಂಡರೂ ಪಾಠ ಅಲ್ಲಿಗೇ ನಿಂತಿತು. ಅದಕ್ಕೇ ನಮ್ಮ ತರಬೇತಿಯಲ್ಲಿ ಮೊದಲ ದಿನ ಪೂರ್ತಿ ಹಾಳೆ, ಪೆನ್ಸಿಲ್ ಮತ್ತು ನಡಿಗೆ. ಕಂಪ್ಯೂಟರ್ ಎರಡನೇ ದಿನ. ಮೂರ್ನಾಲ್ಕು ವಾರ ಬಿಟ್ಟು ಇನ್ನೊಂದು ದಿನ.

24 ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ನಾಲ್ವರ ಒಂದು ಗುಂಪು, ಎರಡು ಗುಂಪಿಗೆ ಒಬ್ಬ ಸಹಾಯಕ. ಗುಂಪಿಗೆ ಒಂದು ದಿಕ್ಸೂಚಿ, ಒಂದು ರಟ್ಟು, ಮಿಲಿಮೀಟರ್ ಗೆರೆಯ ಎ4 ಗ್ರಾಫ್ ಹಾಳೆ ಆರು, ಕೋನಮಾಪಕ, 30 ಸೆಂ.ಮೀ. ಅಳತೆಪಟ್ಟಿ. 50 ಮೀಟರ್ ಟೇಪು ಎಲ್ಲರಿಗೂ ಸೇರಿ ಒಂದಿದ್ದರೆ ಸಾಕು, ಅದರ ಕೆಲಸ ಹೆಜ್ಜೆ ಅಳೆಯುವುದಷ್ಟೇ.

ಬೆಳಿಗ್ಗೆ ಮೊದಲು ಒಂದು ಪ್ರಶ್ನೆ ಆರಿಸಿಕೊಳ್ಳಬೇಕು. ಮಳೆ ನಿಂತ ಮೇಲೆ ಆವರಣದಲ್ಲಿ ನೀರು ಎಲ್ಲಿ ನಿಲ್ಲುತ್ತದೆ? ಮಧ್ಯಾಹ್ನ ನೆರಳು ಸಿಗದ ಜಾಗ ಯಾವುದು? ಕುಡಿಯುವ ನೀರಿನ ನಲ್ಲಿ ಯಾವ ತರಗತಿಗೆ ದೂರ? ಉತ್ತರದಲ್ಲಿ ‘ಎಲ್ಲಿ’ ಎಂಬುದು ಬರದಿದ್ದರೆ ಆ ಪ್ರಶ್ನೆಗೆ ನಕ್ಷೆ ಬೇಕಿಲ್ಲ. 1854ರ ಲಂಡನ್ ಕಾಲರಾ ಮತ್ತು ವೈದ್ಯ ಜಾನ್ ಸ್ನೋ ರೋಗದ ಮೂಲವೆಂದು ನಕ್ಷೆಯಲ್ಲಿ ತೋರಿಸಿದ ಬ್ರಾಡ್ ಸ್ಟ್ರೀಟ್ ನೀರಿನ ಪಂಪಿನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಒಳ್ಳೆಯ ಕಥೆಯೇ, ಆದರೆ ಐದು ನಿಮಿಷ ಸಾಕು. ತಾವೇ ಅಳೆದ ನಲ್ಲಿಯ ಮೇಲೆ ಮಕ್ಕಳಿಗೆ ಬರುವ ಜಗಳಗಂಟಿ ಆಸಕ್ತಿ ಆ ಪಂಪಿನ ಮೇಲೆ ಬರುವುದಿಲ್ಲ.

ಆಮೇಲೆ ಹೆಜ್ಜೆ. 50 ಮೀಟರ್ ಟೇಪು ಹಾಸಿ ಮೂರು ಸಲ ನಡೆಯಬೇಕು. 67, 69, 68 ಬಂತೆನ್ನಿ. ಸರಾಸರಿ 68, ಅಂದರೆ ಒಂದು ಹೆಜ್ಜೆಗೆ 0.735 ಮೀಟರ್. ಯಾರೋ ನೋಡುತ್ತಿದ್ದಾರೆ ಎಂದರೆ ಎಲ್ಲರ ಹೆಜ್ಜೆಯೂ ಉದ್ದವಾಗುತ್ತದೆ, ಆದ್ದರಿಂದ ಹತ್ತು ನಿಮಿಷ ಸುಮ್ಮನೆ ಸುತ್ತಾಡಿಸಿಯೇ ಎಣಿಸಲು ಹೇಳುವುದು. ಗುಂಪಿನಲ್ಲಿ ಕೊನೆಯವರೆಗೂ ಒಬ್ಬರೇ ನಡೆಯಬೇಕು. ನಡುವೆ ಬೇರೆಯವರು ಎಣಿಸಿದರೆ ಲೆಕ್ಕ ಕೆಟ್ಟಿತು.

ಇನ್ನು ಆವರಣದ ಅಂಚು ಸುತ್ತುವುದು. ಪ್ರತಿ ಮೂಲೆಯಲ್ಲಿ ನಿಂತು ಮುಂದಿನ ಮೂಲೆಯ ದಿಕ್ಕಿನ ಕೋನ ಓದಿ, ಹೆಜ್ಜೆ ಎಣಿಸಿ ಅಲ್ಲಿಗೆ ಹೋಗಿ, ಅಲ್ಲಿಂದ ಹಿಂತಿರುಗಿ ನೋಡಿ ಹಿಮ್ಮುಖ ಕೋನವನ್ನೂ ಓದಬೇಕು. ಪ್ರಮಾಣ 1:500, ಅಂದರೆ ಹಾಳೆಯ 1 ಸೆಂ.ಮೀ.ಗೆ ನೆಲದ 5 ಮೀಟರ್. ಎ4 ಹಾಳೆಯಲ್ಲಿ ಅಂಚು ಬಿಟ್ಟು 18 × 26 ಸೆಂ.ಮೀ. ಸಿಕ್ಕರೆ 90 × 130 ಮೀಟರ್ ಜಾಗ ಹಿಡಿಸುತ್ತದೆ.

ಸುತ್ತು ಮುಗಿದಾಗ ಕೊನೆಯ ಗೆರೆ ಹೊರಟ ಬಿಂದುವಿಗೆ ಬಂದು ಸೇರುವುದಿಲ್ಲ. ಎಂದೂ ಸೇರುವುದಿಲ್ಲ. ಈ ಕಂಡಿಯೇ ಮೊದಲ ದಿನದ ನಿಜವಾದ ಪಾಠ, ಇದನ್ನು ಅವಸರದಲ್ಲಿ ಮುಚ್ಚಲು ಬಿಡಬಾರದು. 400 ಮೀಟರ್ ಸುತ್ತಳತೆಗೆ 1.6 ಸೆಂ.ಮೀ. ಕಂಡಿ ಬಂತು ಎಂದುಕೊಳ್ಳಿ, ನೆಲದಲ್ಲಿ ಅದು 8 ಮೀಟರ್. ಮೊದಲು ಕೋನಗಳನ್ನು ನೋಡಿ. ಮುಮ್ಮುಖ ಮತ್ತು ಹಿಮ್ಮುಖ ಕೋನಗಳ ನಡುವೆ 180 ಡಿಗ್ರಿ ವ್ಯತ್ಯಾಸ ಇರಬೇಕು. ಒಂದು ಗೆರೆಯಲ್ಲಿ 62 ಮತ್ತು 251 ಎಂದಿದ್ದರೆ 9 ಡಿಗ್ರಿ ತಪ್ಪಿದೆ, ಎರಡರಲ್ಲೊಂದು ತುದಿಯಲ್ಲಿ ದಿಕ್ಸೂಚಿಯ ಮುಳ್ಳನ್ನು ಎಳೆಯುವ ಕಬ್ಬಿಣವಿದೆ. ಸಾಮಾನ್ಯವಾಗಿ ಗೇಟು, ಇಲ್ಲವೇ ಓದುವವರ ಕೈಯಲ್ಲಿರುವ ಮೊಬೈಲು. 40 ಮೀಟರ್ ಗೆರೆ 9 ಡಿಗ್ರಿ ತಿರುಗಿದರೆ ತುದಿ 6 ಮೀಟರ್‌ಗೂ ಹೆಚ್ಚು ಸರಿಯುತ್ತದೆ. ಗೇಟಿನಿಂದ ನಾಲ್ಕೈದು ಮೀಟರ್ ದೂರ ನಿಂತು ಮತ್ತೆ ಓದಿದರೆ ಕಂಡಿಯ ಬಹುಪಾಲು ಹೋಗುತ್ತದೆ.

4 ಮಿ.ಮೀ. ಉಳಿಯಿತು ಎನ್ನೋಣ. ಅದನ್ನು ಹಂಚಬೇಕು: 100 ಮೀಟರ್ ನಡೆದ ಮೇಲೆ ಬರುವ ಮೂಲೆಯನ್ನು 1 ಮಿ.ಮೀ., 200ರಲ್ಲಿರುವುದನ್ನು 2, 300ರಲ್ಲಿರುವುದನ್ನು 3 ಮಿ.ಮೀ. ಸರಿಸಿ, ಎಲ್ಲವನ್ನೂ ಕಂಡಿ ಮುಚ್ಚುವ ಒಂದೇ ದಿಕ್ಕಿಗೆ. ಕೊನೆಯ ಗೆರೆಯನ್ನಷ್ಟೇ ಎಳೆದು ಜೋಡಿಸುವ ಗುಂಪು ಇದ್ದೇ ಇರುತ್ತದೆ. ಅವರ ಹಾಳೆಯನ್ನು ಪಕ್ಕದಲ್ಲಿಟ್ಟು, ಆ ಕೊನೆಯ ಗೋಡೆಯ ಉದ್ದವನ್ನು ಟೇಪಿನಲ್ಲಿ ಅಳೆಸಿದರೆ ಬೇರೇನೂ ಹೇಳಬೇಕಾಗಿಲ್ಲ.

ಸಂಜೆಯ ಹೊತ್ತಿಗೆ ಮೊಬೈಲ್. ಬಯಲಿನಲ್ಲಿ ನೆಲಕ್ಕೆ ಒಂದು ಗುರುತು ಹಾಕಿ, ಆರು ಫೋನುಗಳನ್ನು ಒಂದಾದ ಮೇಲೊಂದು ಅಲ್ಲಿಟ್ಟು, ಒಂದೊಂದು ನಿಮಿಷ ಕಾದು, ಅದು ತೋರಿಸುವ ಅಕ್ಷಾಂಶ, ರೇಖಾಂಶವನ್ನು ದಶಮಾಂಶ ಡಿಗ್ರಿಯಲ್ಲಿ ಐದು ಸ್ಥಾನದವರೆಗೆ ಬರೆದುಕೊಳ್ಳಬೇಕು. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಆದ್ದರಿಂದ ಐದನೇ ಸ್ಥಾನದ ಒಂದು ಅಂಕಿ ಸುಮಾರು 1.1 ಮೀಟರ್. ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಒಂದೇ ಜಾಗಕ್ಕೆ ಆರು ಚುಕ್ಕಿ. ಅದೇ ಪ್ರಯೋಗವನ್ನು ಎತ್ತರದ ಗೋಡೆಯ ಬುಡದಲ್ಲಿ ಮಾಡಿದರೆ ಚುಕ್ಕಿಗಳು ಇನ್ನೂ ಚದುರುತ್ತವೆ, ಉಪಗ್ರಹದ ಸಂಕೇತ ಗೋಡೆಗೆ ಬಡಿದು ಸುತ್ತಿ ಬರುವುದರಿಂದ. 5 ಮೀಟರ್ ತಪ್ಪು ಊರಿನ ನಕ್ಷೆಯಲ್ಲಿ ಕಾಣುವುದೇ ಇಲ್ಲ, 1:500ರಲ್ಲಿ ಪೂರ್ತಿ ಒಂದು ಸೆಂ.ಮೀ. ‘ಫೋನ್ ಇರುವಾಗ ಹೆಜ್ಜೆ ಏಕೆ’ ಎಂದು ಬೆಳಿಗ್ಗೆ ಕೇಳಿದವರು ಇಲ್ಲಿ ಸುಮ್ಮನಾಗುತ್ತಾರೆ.

ಎರಡನೇ ದಿನ ಕ್ಯೂಜಿಐಎಸ್ ಎಂಬ ಜಿಐಎಸ್ ಸಾಫ್ಟ್‌ವೇರ್. ಉಚಿತ, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಎಲ್ಲ ಯಂತ್ರಗಳಲ್ಲೂ ಒಂದೇ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ಹಿಂದಿನ ದಿನವೇ ಹಾಕಿಟ್ಟಿರಬೇಕು. ಒಂದು ಯಂತ್ರಕ್ಕೆ ಇಬ್ಬರು, ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲು. ನಿನ್ನೆ ಬರೆದ ಬಿಂದುಗಳನ್ನು ಕೋಷ್ಟಕಕ್ಕೆ ಹಾಕಿ, ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲು) ಮಾಡಿ, ‘ಡಿಲಿಮಿಟೆಡ್ ಟೆಕ್ಸ್ಟ್’ ಆಯ್ಕೆಯ ಮೂಲಕ ಸೇರಿಸುವುದು ಮೊದಲ ಕೆಲಸ. ತಪ್ಪುಗಳೆಲ್ಲ ಇಲ್ಲೇ ಕಾದು ಕುಳಿತಿರುತ್ತವೆ.

15 ಡಿಗ್ರಿ 30 ಮಿನಿಟನ್ನು 15.30 ಎಂದು ಬರೆಯುತ್ತಾರೆ. ಅದು 15.5. ಈ 0.2 ಡಿಗ್ರಿಯ ವ್ಯತ್ಯಾಸಕ್ಕೆ ಶಾಲೆ 22 ಕಿ.ಮೀ. ಆಚೆ ಹೋಗಿರುತ್ತದೆ. ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಬಾಯಲ್ಲಿ ಅಕ್ಷಾಂಶವನ್ನೇ ಮೊದಲು ಹೇಳುವ ರೂಢಿಯಿಂದ ಎರಡೂ ಅದಲು ಬದಲಾಗುತ್ತವೆ. ಅಕ್ಷಾಂಶ 15, ರೇಖಾಂಶ 75ರ ಬಿಂದು ತಿರುವುಮುರುವಾದರೆ ನಾರ್ವೆಯ ಉತ್ತರಕ್ಕೆ ಸಮುದ್ರದಲ್ಲಿ ತೇಲುತ್ತದೆ. ಅಕ್ಷಾಂಶ, ರೇಖಾಂಶದ ಜಾಗದಲ್ಲಿ ಸೊನ್ನೆ ತುಂಬಿಸಿದ್ದರೆ ಆಫ್ರಿಕಾದ ಪಶ್ಚಿಮದ ಗಿನಿ ಕೊಲ್ಲಿ. ಹೆಸರುಗಳೆಲ್ಲ ಪ್ರಶ್ನೆಚಿಹ್ನೆಗಳಾಗಿದ್ದರೆ ಎಕ್ಸೆಲ್‌ನಲ್ಲಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಆರಿಸಿಲ್ಲ ಎಂದರ್ಥ.

ಉಳಿಸುವುದು ಜಿಯೋಪ್ಯಾಕೇಜಿನಲ್ಲಿ, ಅದು ನಕ್ಷೆಯ ದತ್ತಾಂಶವನ್ನೆಲ್ಲ ಒಂದೇ ಫೈಲಿನಲ್ಲಿಡುವ ರೂಪ. ಇನ್ನೊಂದು ರೂಪವಾದ ಶೇಪ್‌ಫೈಲ್ ಎಂಬುದು ಒಂದು ಫೈಲಲ್ಲ, ಹಿಂಡು. ಪೆನ್‌ಡ್ರೈವಿಗೆ ಹಾಕುವಾಗ ಒಂದು ಬಿಟ್ಟುಹೋಗುತ್ತದೆ. ಸಾಲದ್ದಕ್ಕೆ ಕಾಲಂ ಹೆಸರಿಗೆ 10 ಬೈಟ್ ಮಿತಿ, ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಇನ್ನೊಂದು: ಪ್ರಾಜೆಕ್ಟ್ ಫೈಲಿನಲ್ಲಿ ಇರುವುದು ದತ್ತಾಂಶವಲ್ಲ, ಅದು ಎಲ್ಲಿದೆ ಎಂಬ ವಿಳಾಸ. ಅದನ್ನು ಮಾತ್ರ ಮನೆಗೊಯ್ದವರಿಗೆ ಖಾಲಿ ಪರದೆ ಕಾಣುತ್ತದೆ. ಇಡೀ ಫೋಲ್ಡರನ್ನೇ ಒಯ್ಯಬೇಕು.

ನಲ್ಲಿಯ ಸುತ್ತ 50 ಮೀಟರ್ ವೃತ್ತ ಎಳೆಯಿರಿ ಎಂದಾಗ ಪರದೆ ತುಂಬ ಒಂದೇ ಬಣ್ಣ ಬಳಿದುಕೊಳ್ಳುತ್ತದೆ, ಏಕೆಂದರೆ ಇಪಿಎಸ್‌ಜಿ 4326 ಎಂಬ ಸಂಖ್ಯೆಯ, ಡಿಗ್ರಿಯಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಯಲ್ಲಿ ಆ 50 ಮೀಟರಲ್ಲ, 50 ಡಿಗ್ರಿ. ಇದನ್ನು ಮೊದಲೇ ಎಚ್ಚರಿಸುವುದಿಲ್ಲ, ಆಗಲು ಬಿಡುತ್ತೇವೆ. ನಂತರ ಯುಟಿಎಂ, ಅಂದರೆ ಭೂಮಿಯನ್ನು 6 ಡಿಗ್ರಿಯ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಪದ್ಧತಿಯ ವಲಯದ ಲೆಕ್ಕ: ಪೂರ್ವ ರೇಖಾಂಶಕ್ಕೆ 180 ಕೂಡಿಸಿ, 6ರಿಂದ ಭಾಗಿಸಿ, ಪೂರ್ಣಾಂಕಕ್ಕೆ 1 ಸೇರಿಸಿ. 75ಕ್ಕೆ 43ನೇ ವಲಯ, ಉತ್ತರಾರ್ಧಗೋಳದಲ್ಲಿ ಇಪಿಎಸ್‌ಜಿ 32643. ಬಿಂದುಗಳ ಲೇಯರನ್ನು (ಪದರವನ್ನು) ಅದಕ್ಕೆ ಬದಲಿಸಿದರೆ ವೃತ್ತ ಸರಿಯಾಗಿ ಬರುತ್ತದೆ.

ಮಕ್ಕಳ ಮನೆಗಳನ್ನು ಗುರುತಿಸುವ ಪಾಠ ಎಲ್ಲರಿಗೂ ಇಷ್ಟ. ಆದರೆ ಹೆಸರು ಬೇಡ, ಬಿಂದುವನ್ನು ಎರಡು ದಶಮಾಂಶಕ್ಕೆ ಇಳಿಸಬೇಕು, ಅಂದರೆ ಸುಮಾರು ಒಂದು ಕಿ.ಮೀ. ಮಸುಕು. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುವುದಾದರೆ ಗೂಗಲ್ ನಕ್ಷೆ ನೋಡಿ ಗೆರೆ ಎಳೆಯುವಂತಿಲ್ಲ, ಅಭ್ಯಾಸಕ್ಕೆಂದು ಇಲ್ಲದ ಕಟ್ಟಡವನ್ನು ಉಳಿಸುವಂತಿಲ್ಲ.

ಎರಡನೇ ದಿನದ ಕೊನೆಯ ಒಂದೂವರೆ ಗಂಟೆ ನಾವು ಮಾತಾಡುವುದಿಲ್ಲ. ಪ್ರತಿ ಶಿಕ್ಷಕರೂ 40 ನಿಮಿಷದ ಒಂದು ಪಾಠ ಬರೆಯಬೇಕು: ಪ್ರಶ್ನೆ ಯಾವುದು, ಎಷ್ಟು ಬಿಂದು, ಯಾರು ಏನು ಹಿಡಿಯುತ್ತಾರೆ. 20 ಬಿಂದುಗಳಿಗಿಂತ ಹೆಚ್ಚಿದ್ದರೆ ವಾಪಸ್ ಕೊಡುತ್ತೇವೆ, ಅಷ್ಟು ಒಂದು ಪೀರಿಯಡ್‌ನಲ್ಲಿ ಆಗುವ ಕೆಲಸವಲ್ಲ. ಮೂರನೇ ದಿನಕ್ಕೆ ಬರುವಾಗ ಮಕ್ಕಳು ಬಿಡಿಸಿದ ಹಾಳೆಗಳನ್ನು ತಿದ್ದದೆ ತರಬೇಕೆಂಬುದೇ ಷರತ್ತು. ಅಂದು ಮೊದಲು ಕೈಗೆತ್ತಿಕೊಳ್ಳುವುದು ಕಂಡಿ ಇಲ್ಲದೆ ನೀಟಾಗಿ ಮುಚ್ಚಿಕೊಂಡಿರುವ ಹಾಳೆಗಳನ್ನು.