ಹೊರದೇಶದ ಬಿತ್ತನೆ ಮೊಟ್ಟೆ ತರಿಸಿ ತಳಿಕೋಳಿ ಹಿಂಡು ಕಟ್ಟುವ ಬಗೆ

ರೋಡ್ ಐಲ್ಯಾಂಡ್ ರೆಡ್, ಆಸ್ಟ್ರಲಾರ್ಪ್, ಸಸೆಕ್ಸ್‌ನಂಥ ಶುದ್ಧ ತಳಿಯ ಹಿಂಡು ಕಟ್ಟಲು ಹೊರಟವರು ಒಂದು ದಿನದ ಮರಿ ತರಿಸಬಹುದು, ಇಲ್ಲವೇ ಮರಿಯಾಗುವ ಮೊಟ್ಟೆ (ಬಿತ್ತನೆ ಮೊಟ್ಟೆ) ತರಿಸಿ ಇಲ್ಲೇ ಕಾವು ಕೊಡಬಹುದು. ಮರಿ ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯ ಬಲದಲ್ಲಿ ಎರಡು-ಮೂರು ದಿನ ತಳ್ಳುತ್ತದೆ, ಅಷ್ಟೇ. ವಿಮಾನ ತಪ್ಪಿದರೆ ಅಥವಾ ಕಾಗದದಲ್ಲಿ ಒಂದು ಸಹಿ ಕಡಿಮೆ ಬಿದ್ದರೆ ಹೋಯಿತು. ಮೊಟ್ಟೆ ವಾರ ತಾಳುತ್ತದೆ, ಜಾಗ ಕಡಿಮೆ ಸಾಕು, ಉಸಿರಾಟದ ಎಷ್ಟೋ ರೋಗಗಳು ಅದರ ಜೊತೆ ಬರುವುದಿಲ್ಲ. ಆದರೆ ಪುಲ್ಲೋರಮ್ (ಮರಿಗಳ ಬಿಳಿ ಭೇದಿ), ಮೈಕೋಪ್ಲಾಸ್ಮಾ (ಉಸಿರಾಟದ ರೋಗ), ಲ್ಯುಕೋಸಿಸ್ (ಗೆಡ್ಡೆ ರೋಗ) ಇಂಥವು ತಾಯಿಯಿಂದ ಮೊಟ್ಟೆಯೊಳಗೇ ಇಳಿದು ಬರುತ್ತವೆ. ಮೊಟ್ಟೆ ಅಂದರೆ ರೋಗವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲಕ್ಕಿಂತ ಮೊದಲು ಒಂದು ವಿಷಯ ತಿಳಿದಿರಬೇಕು. ಕೋಳಿ ಮೊಟ್ಟೆ ಇಡುವ ಹೊತ್ತಿಗೇ ಅದರಲ್ಲಿ ಭ್ರೂಣ ಹತ್ತಾರು ಸಾವಿರ ಜೀವಕೋಶಗಳಷ್ಟು ಬೆಳೆದಿರುತ್ತದೆ. 41 ಡಿಗ್ರಿಯ ಮೈಬಿಸಿಯಿಂದ ಹೊರಬಂದ ಮೊಟ್ಟೆ ಸುಮಾರು 20 ಡಿಗ್ರಿಗಿಂತ ತಣ್ಣಗಾದಾಗ ಬೆಳವಣಿಗೆ ನಿಲ್ಲುತ್ತದೆ. ಹೀಗೆ ಒಮ್ಮೆ ಮಲಗಿಸಿದ ಭ್ರೂಣವನ್ನು ಕಾವುಪೆಟ್ಟಿಗೆಯಲ್ಲೇ ಎಬ್ಬಿಸಬೇಕು. ದಾರಿಯಲ್ಲಿ 25-27 ಡಿಗ್ರಿಯಲ್ಲಿ ಅರೆಎಚ್ಚರವಾಗಿ ಮತ್ತೆ ತಣ್ಣಗಾದರೆ ಅದು ಉಳಿಯುವುದು ಕಷ್ಟ. ಹೆಚ್ಚು ನಷ್ಟವಾಗುವುದು ವಿಮಾನ ಹಾರುವಾಗಲ್ಲ, ವಿಮಾನದ ಆಚೀಚೆ ಪೆಟ್ಟಿಗೆ ನಿಂತಲ್ಲಿ.

ಎಷ್ಟು ಮೊಟ್ಟೆ ಬೇಕು?

ಲೆಕ್ಕವನ್ನು ಹಿಂದಿನಿಂದ ಹಾಕಿಕೊಂಡು ಬನ್ನಿ. ಸ್ವಂತ ಫಾರಂನ ತಾಜಾ ಮೊಟ್ಟೆಯಲ್ಲಿ ಶೇ 80ರ ಆಚೀಚೆ ಮರಿಯಾಗುವ ತಳಿಯೂ ಸಮುದ್ರ ದಾಟಿ ಬಂದಾಗ ಅಷ್ಟು ಕೊಡುವುದಿಲ್ಲ. ಶೇ 50 ಎಂದು ಹಿಡಿಯಿರಿ, ಹೆಚ್ಚು ಬಂದರೆ ಲಾಭ. 360 ಮೊಟ್ಟೆಯ ಒಂದು ಪೆಟ್ಟಿಗೆಗೆ 180 ಮರಿ. ಅದರಲ್ಲಿ 90 ಹೇಂಟೆ, 90 ಹುಂಜ. ಸಾವು, ತಳಿಗುಣವಿಲ್ಲದ್ದನ್ನು ತೆಗೆಯುವುದು ಎಲ್ಲ ಸೇರಿ ಶೇ 20 ಕಳೆದರೆ ಮೊಟ್ಟೆಗೆ ಬರುವ ಹೇಂಟೆ 72.

ಹುಂಜಗಳ ವಿಷಯದಲ್ಲಿ ಜಿಪುಣತನ ಬೇಡ. 72 ಹೇಂಟೆಗೆ 8 ಹುಂಜ ಬಿಟ್ಟರೆ ಮೊಟ್ಟೆ ಫಲಿಸಲು ಸಾಕು, ತಳಿ ಉಳಿಸಲು ಸಾಲದು. ಆಗ ಹಿಂಡಿನ ಪರಿಣಾಮಕಾರಿ ಸಂಖ್ಯೆ (ತಳಿಗುಣ ದಾಟಿಸುವ ಲೆಕ್ಕದಲ್ಲಿ ಹಿಂಡು ಎಷ್ಟು ಹಕ್ಕಿಗೆ ಸಮ ಎಂಬುದು) 29ಕ್ಕೆ ಇಳಿದು, ರಕ್ತಸಂಬಂಧ ತಲೆಮಾರಿಗೆ ಶೇ 1.7ರಷ್ಟು ಏರುತ್ತದೆ. ಅದೇ 18 ಹುಂಜ ಇಟ್ಟು ಸರದಿಯಲ್ಲಿ ಬಿಟ್ಟರೆ ಏರಿಕೆ ಶೇ 0.9ರ ಒಳಗೆ. ಮಾರುವವರಿಗೆ ಮೊದಲೇ ಹೇಳಿ: ಮೊಟ್ಟೆ ಒಂದೇ ಗೂಡಿನದು ಬೇಡ, ಕನಿಷ್ಠ ನಾಲ್ಕೈದು ಬೇರೆ ಬೇರೆ ಕುಟುಂಬದ್ದಿರಲಿ, ಪ್ರತಿ ಮೊಟ್ಟೆಯ ಮೇಲೂ ಗೂಡಿನ ಸಂಖ್ಯೆಯನ್ನು ಸೀಸದಕಡ್ಡಿಯಲ್ಲಿ ಬರೆದಿರಲಿ. ಮಾರ್ಕರ್ ಪೆನ್ ಬೇಡ, ಅದರ ಶಾಯಿ ರಂಧ್ರಗಳಲ್ಲಿ ಇಳಿಯುತ್ತದೆ.

ಕಂಪನಿಯ ಮಿಶ್ರತಳಿ ಲೇಯರ್ ಅಥವಾ ಬ್ರಾಯ್ಲರ್ ಮೊಟ್ಟೆ ತರಿಸಿ ಹಿಂಡು ಕಟ್ಟುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಅವುಗಳ ಮರಿಗಳು ತಾಯಿಯಂತೆ ಬರುವುದಿಲ್ಲ.

ಕಾಗದಪತ್ರ

ಭಾರತಕ್ಕೆ ತರುವುದಾದರೆ ಕೇಂದ್ರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಸ್ಯಾನಿಟರಿ ಇಂಪೋರ್ಟ್ ಪರ್ಮಿಟ್ (ರೋಗ ಬಾರದಂತೆ ನೋಡಿ ಕೊಡುವ ಆಮದು ಅನುಮತಿ) ಬೇಕು. ಇದರ ಬುಡದಲ್ಲಿರುವುದು 1898ರ ಜಾನುವಾರು ಆಮದು ಕಾಯ್ದೆ. ಪರ್ಮಿಟ್ ಕೈಗೆ ಬಂದ ಮೇಲೆ ಮೊಟ್ಟೆ ಕೂಡಿಸಲು ಹೇಳಿ, ಅದಕ್ಕಿಂತ ಮೊದಲಲ್ಲ. ಸುಂಕದ ಪಟ್ಟಿಯಲ್ಲಿ ಕೋಳಿಯ ಬಿತ್ತನೆ ಮೊಟ್ಟೆಯ ಸಂಕೇತ 0407 11. ಅದರ ಆಮದು ನೀತಿ ಈಗ ಏನಿದೆ, ಪ್ರತ್ಯೇಕ ಪರವಾನಗಿ ಬೇಕೇ ಎಂದು ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ಆರ್ಡರ್ ಕೊಡುವ ವಾರದಲ್ಲೇ ನೋಡಿ. ಕಳಿಸುವ ದೇಶದ ಸರ್ಕಾರಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರದ ಒಕ್ಕಣೆ ಪರ್ಮಿಟ್ಟಿನ ಷರತ್ತುಗಳಿಗೆ ಸಾಲುಸಾಲಾಗಿ ಹೊಂದಬೇಕು. ‘ಪರೀಕ್ಷಿಸಲಾಗಿದೆ’ ಎಂದಷ್ಟೇ ಇದ್ದು, ಯಾವ ರೋಗಕ್ಕೆ, ಯಾವ ದಿನ ಎಂಬುದು ಇಲ್ಲದ ಪತ್ರ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ರಮಾಣಪತ್ರದ ಕರಡನ್ನು ಮುಂಚೆಯೇ ಇಮೇಲ್‌ನಲ್ಲಿ ತರಿಸಿ ಪ್ರಾಣಿ ಕ್ವಾರಂಟೈನ್ ಕಚೇರಿಗೆ ತೋರಿಸುವುದು ಒಳ್ಳೆಯದು.

ಹಕ್ಕಿಜ್ವರವನ್ನೂ ಒಪ್ಪಂದದಲ್ಲಿ ಸೇರಿಸಿ. ಆ ದೇಶದಲ್ಲಿ ಅಥವಾ ಆ ವಲಯದಲ್ಲಿ ರೋಗ ಕಾಣಿಸಿಕೊಂಡ ದಿನವೇ ಸಾಗಣೆ ನಿಲ್ಲುತ್ತದೆ. ಮುಂಗಡ ಹಣ ವಾಪಸೋ, ಮುಂದಿನ ತಂಡಕ್ಕೆ ಜಮೆಯೋ ಎಂಬುದು ಬರಹದಲ್ಲಿರಲಿ. ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ಹನ್ನೆರಡು ಮೊಟ್ಟೆ ತರುವ ಜಾಣತನ ಅಪರಾಧ. ಸಿಕ್ಕಿದರೆ ಮೊಟ್ಟೆ ಸುಡುತ್ತಾರೆ. ಸಿಗದಿದ್ದರೆ ನಿಮ್ಮದೂ ನೆರೆಯವರದೂ ಹಿಂಡು ರೋಗಕ್ಕೆ ತೆರೆದುಕೊಳ್ಳುತ್ತದೆ.

ಮಾರುವವರ ಕಡೆ ಆಗಬೇಕಾದ್ದು

ತಾಯಿಹಿಂಡಿನ ವಯಸ್ಸು ಕೇಳಿ. 30ರಿಂದ 45 ವಾರದ ಕೋಳಿಗಳ ಮೊಟ್ಟೆ ಪ್ರಯಾಣಕ್ಕೆ ಒಳ್ಳೆಯದು. ವಯಸ್ಸಾದ ಕೋಳಿಯ ಮೊಟ್ಟೆಯಲ್ಲಿ ಚಿಪ್ಪು ತೆಳು, ಬಿಳಿ ಲೋಳೆ ನೀರು, ಹೀಗಾಗಿ ದಾಸ್ತಾನು ತಾಳುವುದಿಲ್ಲ. ದಿನಕ್ಕೆ ನಾಲ್ಕು ಬಾರಿಯಾದರೂ ಆರಿಸಿದ, ಗೂಡಿನಲ್ಲೇ ಸ್ವಚ್ಛವಾಗಿದ್ದ ಮೊಟ್ಟೆ ಮಾತ್ರ ಸಾಕು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ಬೇಡ. ಚಿಪ್ಪಿನಲ್ಲಿ ಹತ್ತು ಸಾವಿರದಷ್ಟು ರಂಧ್ರಗಳಿವೆ, ಒರೆಸಿದಾಗ ಕೊಳೆ ಒಳಗೇ ಹೋಗುತ್ತದೆ.

ಕೂಡಿಸುವ ಅವಧಿ ನಾಲ್ಕು ದಿನ ಮೀರದಿರಲಿ. ಪ್ರಯಾಣಕ್ಕೆ ಮೂರು ದಿನ ಹಿಡಿದರೆ ಒಟ್ಟು ಏಳಕ್ಕೆ ನಿಲ್ಲುತ್ತದೆ. ಏಳು ದಿನ ದಾಟಿದ ಮೇಲೆ ಪ್ರತಿ ದಿನಕ್ಕೂ ಮರಿಯ ಪ್ರಮಾಣ ಕುಸಿಯುತ್ತಾ ಹೋಗುತ್ತದೆ. ವಾರದೊಳಗಿನ ದಾಸ್ತಾನಿಗೆ 15-18 ಡಿಗ್ರಿ, ತೇವಾಂಶ ಶೇ 75-80. (ದೊಡ್ಡ ಹ್ಯಾಚರಿಗಳು ಹೆಚ್ಚು ದಿನ ಇಡುವ ಮೊಟ್ಟೆಗಳನ್ನು ನಡುವೆ ಕೆಲವು ಗಂಟೆ 32 ಡಿಗ್ರಿ ದಾಟಿಸಿ ಬಿಸಿಮಾಡಿ ಮತ್ತೆ ತಣಿಸುವುದುಂಟು. ಅದು ಅಳತೆ ಹಿಡಿದು, ಬೇಗ ಬಿಸಿ ಬೇಗ ತಂಪು ಮಾಡುವ ಕೆಲಸ. ಬಿಸಿಲಲ್ಲಿ ನಿಂತ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿಲ್ಲ.)

ಪೆಟ್ಟಿಗೆಗೆ ತುಂಬುವ ಮುನ್ನ ಮೊಟ್ಟೆ ಪೂರ್ತಿ ತಣ್ಣಗಾಗಿರಬೇಕು. ಬೆಚ್ಚಗಿನ ಮೊಟ್ಟೆಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಟೇಪು ಸುತ್ತಿದರೆ ನಡುವಿನ ಟ್ರೇಗಳು ದಿನಗಟ್ಟಲೆ ಬೆಚ್ಚಗೇ ಉಳಿಯುತ್ತವೆ. ಭ್ರೂಣ ಅಲ್ಲೇ ಬೆಳೆಯಲು ತೊಡಗಿ, ಅಲ್ಲೇ ಸಾಯುತ್ತದೆ.

ಪೆಟ್ಟಿಗೆ ಹೊಸದೇ ಆಗಿರಲಿ. 30ರ ಟ್ರೇ ಆರಾರರಂತೆ ಎರಡು ಸಾಲು, ಒಟ್ಟು 360. ಪ್ರತಿ ಮೊಟ್ಟೆಯ ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ. ಗಾಳಿಕೋಶ ದಪ್ಪ ತುದಿಯಲ್ಲಿದೆ. ತಲೆಕೆಳಗಾಗಿ ಕುಲುಕಿದರೆ ಕೋಶದ ಪೊರೆ ಕಳಚಿಕೊಂಡು ಗಾಳಿಗುಳ್ಳೆ ಮೊಟ್ಟೆಯೊಳಗೆ ಓಡಾಡತೊಡಗುತ್ತದೆ. ಬಾಣದ ಗುರುತು ಹಾಕಿದರೂ ಹಮಾಲಿ ಪೆಟ್ಟಿಗೆ ಮಗುಚುತ್ತಾನೆ ಎಂದೇ ಎಣಿಸಿ, ಮೇಲಿನ ಟ್ರೇಗೂ ಮುಚ್ಚಳಕ್ಕೂ ನಡುವೆ ಒಂದಿಷ್ಟೂ ಸಡಿಲವಿಲ್ಲದಂತೆ ಫೋಮ್ ತುಂಬಿಸಬೇಕು. 50-100 ಮೊಟ್ಟೆಯ ಸಣ್ಣ ತಂಡಕ್ಕೆ ಒಂದೊಂದು ಮೊಟ್ಟೆಗೂ ಗುಳಿ ಕೊರೆದ ಫೋಮ್ ಹಾಳೆ, ಅದರ ಸುತ್ತ ಎರಡನೇ ಪೆಟ್ಟಿಗೆ, ನಡುವೆ ಎರಡು ಇಂಚು ಮೆತ್ತೆ. ಹುಲ್ಲು, ಭತ್ತದ ಹೊಟ್ಟು, ಮರದ ಹೊಟ್ಟು ಬೇಡ, ಸಸ್ಯ ಕ್ವಾರಂಟೈನ್‌ನವರು ಅದನ್ನೇ ಹಿಡಿದು ನಿಲ್ಲಿಸಬಹುದು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಒಳಗೆ ನೀರು ಕಟ್ಟುತ್ತದೆ.

ಎರಡು ತಾಪಮಾನ ಲಾಗರ್ ಹಾಕಿಸಿ: ಒಂದು ಪೆಟ್ಟಿಗೆಯ ನಟ್ಟನಡುವೆ, ಇನ್ನೊಂದು ಮೇಲಿನ ಮೂಲೆಯಲ್ಲಿ, 10 ನಿಮಿಷಕ್ಕೊಂದು ದಾಖಲೆ. ಲಾಗರಿನಲ್ಲಿ ಬ್ಯಾಟರಿ ಇರುವುದನ್ನು ಕಾರ್ಗೋ ಏಜೆಂಟರಿಗೆ ತಿಳಿಸಿ. ನಾಳೆ ಜಗಳ ಬಂದರೆ ಸಾಕ್ಷಿ ಹೇಳುವುದು ಅದೊಂದೇ.

ವಿಮಾನ

ನೇರ ವಿಮಾನಕ್ಕೆ ದುಡ್ಡು ಹೆಚ್ಚಾದರೂ ಕೊಡಿ. ವಾರದ ಮೊದಲಲ್ಲೇ, ಕ್ವಾರಂಟೈನ್ ಕಚೇರಿ ತೆರೆದಿರುವ ದಿನ ಇಳಿಯುವಂತೆ ನೋಡಿಕೊಳ್ಳಿ. ಶುಕ್ರವಾರ ಸಂಜೆ ಬಂದ ಪೆಟ್ಟಿಗೆ ಸೋಮವಾರದವರೆಗೆ ಶೆಡ್ಡಿನಲ್ಲಿ ಕೂರುತ್ತದೆ. ಏರ್‌ವೇ ಬಿಲ್‌ನಲ್ಲಿ (ವಿಮಾನ ಸರಕಿನ ರಶೀದಿ) ‘ಎಚ್‌ಇಜಿ’ (HEG) ಎಂಬ ಸಂಕೇತ ಇರಲೇಬೇಕು, ಬಿತ್ತನೆ ಮೊಟ್ಟೆಗೆ ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘ ಐಎಟಿಎ ಕೊಟ್ಟಿರುವ ಗುರುತು ಅದು. ಅದಿದ್ದರೆ ಒಣ ಐಸ್, ಅತಿಶೀತ ದ್ರವ, ವಿಕಿರಣ ವಸ್ತುಗಳಿಂದ ದೂರ ಇಡುತ್ತಾರೆ. ಎಕ್ಸ್‌ರೇ ಯಂತ್ರದ ಬಗ್ಗೆ ಜನರಿಗೆ ಭಯ ಜಾಸ್ತಿ. ಅದರ ಪ್ರಮಾಣ ತೀರಾ ಸಣ್ಣದು, ಏಪ್ರಿಲ್ ಮಧ್ಯಾಹ್ನದ ಟಾರ್ಮ್ಯಾಕ್‌ಗೆ (ವಿಮಾನ ನಿಲ್ಲುವ ಬಯಲು) ಹೆದರಿ.

ಬಂದ ಮೇಲೆ

ಇಲ್ಲಿ ಅವಸರ ಮಾಡುವವರೇ ಹೆಚ್ಚು ಕಳೆದುಕೊಳ್ಳುವುದು. 16 ಡಿಗ್ರಿಯ ಮೊಟ್ಟೆಯನ್ನು 28 ಡಿಗ್ರಿ, ಶೇ 70 ತೇವಾಂಶದ ಕೋಣೆಯಲ್ಲಿ ತೆರೆದರೆ ಚಿಪ್ಪು ಬೆವರುತ್ತದೆ. ಆ ಗಾಳಿಯ ಇಬ್ಬನಿ ಬಿಂದು 22 ಡಿಗ್ರಿ, ಅದಕ್ಕಿಂತ ತಣ್ಣಗಿರುವ ಯಾವ ಮೇಲ್ಮೈಯಲ್ಲೂ ನೀರು ಕೂರುತ್ತದೆ. ಆ ನೀರಿನ ಜೊತೆ ಬ್ಯಾಕ್ಟೀರಿಯಾ ರಂಧ್ರಗಳಲ್ಲಿ ಇಳಿಯುತ್ತದೆ. ಹತ್ತನೇ ದಿನಕ್ಕೆ ಕಾವುಪೆಟ್ಟಿಗೆಯಲ್ಲಿ ಮೊಟ್ಟೆ ಸಿಡಿದು ನಾರುತ್ತದೆ. 18-20 ಡಿಗ್ರಿಯ ಎಸಿ ಕೋಣೆಯಲ್ಲಿ ಮುಚ್ಚಿದ ಪೆಟ್ಟಿಗೆಯನ್ನು ಕೆಲವು ಗಂಟೆ ಬಿಟ್ಟು ಆಮೇಲೆ ಬಿಚ್ಚಿ.

ಬಿಚ್ಚಿದ ಕೂಡಲೇ ಕತ್ತಲಲ್ಲಿ ದೀಪ ಹಿಡಿದು ನೋಡಿ. ಕೂದಲೆಳೆ ಬಿರುಕು ಇದ್ದದ್ದನ್ನು ತೆಗೆಯಿರಿ. ಗಾಳಿಕೋಶ ಸಡಿಲವಾದದ್ದನ್ನು ಬಿಸಾಡಬೇಡಿ, ಬೇರೆ ಟ್ರೇಗೆ ಹಾಕಿ. ಎಲ್ಲವನ್ನೂ ಚೂಪು ತುದಿ ಕೆಳಗಾಗಿ 12ರಿಂದ 24 ಗಂಟೆ ಅಲುಗಿಸದೆ ಬಿಡಿ. ನಂತರ 24-25 ಡಿಗ್ರಿಯ ಒಣ ಕೋಣೆಯಲ್ಲಿ ಫ್ಯಾನ್ ಹಾಕಿ ಆರೇಳು ಗಂಟೆ ಬೆಚ್ಚಗಾಗಿಸಿ.

ಧೂಮೀಕರಣ (ಹೊಗೆ ಹಾಯಿಸಿ ಚಿಪ್ಪಿನ ಮೇಲಿನ ರೋಗಾಣು ಕೊಲ್ಲುವುದು) ಮಾಡುವುದಾದರೆ ಚಿಪ್ಪು ಒಣಗಿರುವಾಗಲೇ, ಕಾವಿಗೆ ಇಡುವ ಮುನ್ನವೇ. 100 ಘನ ಅಡಿಗೆ 60 ಗ್ರಾಂ ಪೊಟ್ಯಾಸಿಯಂ ಪರ್ಮಾಂಗನೇಟ್, 120 ಮಿಲಿ ಫಾರ್ಮಲಿನ್, 20 ನಿಮಿಷ. ಆಳವಾದ ಮಣ್ಣಿನ ಪಾತ್ರೆಯಲ್ಲಿ ಪುಡಿ ಮೊದಲು, ಅದರ ಮೇಲೆ ಫಾರ್ಮಲಿನ್ ಸುರಿದು ತಕ್ಷಣ ಹೊರಬರಬೇಕು. ಈ ಹೊಗೆ ಕ್ಯಾನ್ಸರ್‌ಕಾರಕ, ಅನಿಲ ತಡೆಯುವ ಮಾಸ್ಕ್ ಇಲ್ಲದೆ ಹತ್ತಿರ ಹೋಗಬೇಡಿ. ಕಾವಿಗೆ ಇಟ್ಟ 24ರಿಂದ 96 ಗಂಟೆಯ ನಡುವೆ ಮಾತ್ರ ಇದನ್ನು ಮಾಡಲೇಬಾರದು.

ಕಾವು ಎಂದಿನಂತೆ: ಫ್ಯಾನ್ ಇರುವ ಯಂತ್ರದಲ್ಲಿ 37.5-37.8 ಡಿಗ್ರಿ, ತೇವಾಂಶ ಶೇ 50-55, ಗಂಟೆಗೊಮ್ಮೆ 45 ಡಿಗ್ರಿ ಓರೆ. ಗಾಳಿಕೋಶ ಸಡಿಲವಿದ್ದ ಟ್ರೇಯನ್ನು ಮಾತ್ರ ಮೊದಲ ಎರಡು ದಿನ ತಿರುಗಿಸಬೇಡಿ. ಇಡುವಾಗ ಟ್ರೇ ತೂಗಿ ಬರೆದುಕೊಳ್ಳಿ. 18ನೇ ದಿನಕ್ಕೆ ತೂಕ ಶೇ 11-13 ಇಳಿದಿರಬೇಕು. ದಾರಿಯಲ್ಲೇ ಒಂದಿಷ್ಟು ನೀರು ಕಳೆದಿರುವುದರಿಂದ ತೇವಾಂಶದ ಮುಳ್ಳಿಗಿಂತ ತಕ್ಕಡಿಯನ್ನು ನಂಬಿ. ದಾಸ್ತಾನಿನ ಪ್ರತಿ ದಿನಕ್ಕೆ ಸುಮಾರು ಒಂದು ಗಂಟೆ ತಡವಾಗುತ್ತದೆ, ಆದ್ದರಿಂದ 21ನೇ ದಿನ ಮುಗಿದ ಕೂಡಲೇ ಹ್ಯಾಚರ್ (ಮರಿ ಹೊರಬರುವ ಪೆಟ್ಟಿಗೆ) ಬಾಗಿಲು ತೆರೆದು ಖಾಲಿ ಮಾಡಬೇಡಿ.

ಬೆಳಕು ಹಾಯ್ದ ಮೊಟ್ಟೆಯನ್ನು ಒಡೆದು ನೋಡಿ

ಏಳರಿಂದ ಹತ್ತನೇ ದಿನದ ಕ್ಯಾಂಡ್ಲಿಂಗ್‌ನಲ್ಲಿ (ದೀಪ ಹಿಡಿದು ನೋಡುವುದು) ಖಾಲಿ ಕಂಡದ್ದನ್ನೆಲ್ಲ ‘ಫಲಿಸಿಲ್ಲ’ ಎಂದು ಬರೆಯುವುದು ತಪ್ಪು. ಒಂದೊಂದನ್ನೂ ಬಿಳಿ ತಟ್ಟೆಗೆ ಒಡೆಯಿರಿ. ಹಳದಿಯ ಮೇಲೆ ಸಣ್ಣ, ಅಂಚು ಒರಟಾದ, ಗಟ್ಟಿ ಬಿಳಿ ಚುಕ್ಕೆ ಇದ್ದರೆ ಅದು ಫಲಿಸದ ಮೊಟ್ಟೆ, ಮಾರಿದವರ ಹುಂಜಗಳ ದೋಷ. ಚುಕ್ಕೆ ಅಗಲವಾಗಿ, ನಡುವೆ ತಿಳಿಯಾಗಿ, ಸುತ್ತ ಬಳೆಯಂತೆ ಬಿಳಿ ಉಂಗುರ ಇದ್ದರೆ ಫಲಿಸಿದೆ, ಆದರೆ ಕಾವಿಗೆ ಬರುವ ಮುನ್ನವೋ ಮೊದಲ ದಿನವೋ ಸತ್ತಿದೆ. ಲಾಗರ್ ತೆಗೆದು ಎಲ್ಲಿ 20 ಡಿಗ್ರಿ ದಾಟಿತು ನೋಡಿ. ರಕ್ತದ ಉಂಗುರ ಕಂಡರೆ ಎರಡರಿಂದ ನಾಲ್ಕನೇ ದಿನದ ಸಾವು. ಹಳೆ ಮೊಟ್ಟೆ, ಕುಲುಕಾಟ, ಏರಿಳಿದ ಬಿಸಿ ಎಲ್ಲವೂ ಹೀಗೆ ಕೊಲ್ಲುತ್ತವೆ. ಪೂರ್ತಿ ಬೆಳೆದು ಚಿಪ್ಪೊಳಗೇ ಸತ್ತಿದ್ದರೆ ಮೊದಲು ನಿಮ್ಮ ಯಂತ್ರವನ್ನು ಅನುಮಾನಿಸಿ. ಪ್ರತಿ ಗೂಡಿನ ಸಂಖ್ಯೆಗೆ ಈ ಲೆಕ್ಕವನ್ನು ಬೇರೆ ಬೇರೆ ಇಟ್ಟರೆ ಎರಡನೇ ತಂಡ ಯಾವ ಗೂಡಿನಿಂದ ತರಿಸಬೇಕೆಂದು ಗೊತ್ತಾಗುತ್ತದೆ.

ಮರಿ ಒಣಗಿದ ದಿನವೇ ಗೂಡಿನ ಸಂಖ್ಯೆಯ ರೆಕ್ಕೆಪಟ್ಟಿ ಹಾಕಿ, ಮಾರೆಕ್ಸ್ ಲಸಿಕೆ ಕೊಡಿ. ಐದರಿಂದ ಏಳನೇ ದಿನ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸಿಕೆಯ ಕಣ್ಣಿನ ಹನಿ, ಎರಡನೇ ವಾರ ಗುಂಬೊರೋ ರೋಗದ ಲಸಿಕೆ. ಪರ್ಮಿಟ್ಟಿನಲ್ಲಿ ಬರೆದಷ್ಟು ದಿನ ಕ್ವಾರಂಟೈನ್ ಮುಗಿಯುವವರೆಗೆ ಊರಿನ ಕೋಳಿಗಳ ಬಳಿಗೆ ಬಿಡಬಾರದು, ಅವನ್ನು ನೋಡಿಕೊಳ್ಳುವವರು ಬೇರೆ ಶೆಡ್ಡಿಗೆ ಹೋಗಬಾರದು. ಹದಿನಾರು ವಾರ ದಾಟಿದ ಮೇಲೆ ಪ್ರತಿ ಹಕ್ಕಿಯ ರಕ್ತದ ಹನಿಯನ್ನು ಬಣ್ಣದ ಆಂಟಿಜೆನ್ (ರೋಗಾಣುವಿನಿಂದ ಮಾಡಿದ ಪರೀಕ್ಷಾ ದ್ರಾವಣ) ಜೊತೆ ಗಾಜಿನ ಪಟ್ಟಿಯ ಮೇಲೆ ಬೆರೆಸಿ ಪುಲ್ಲೋರಮ್ ಪರೀಕ್ಷೆ ಮಾಡಿಸಿ. ಮಿಶ್ರಣ ಹರಳುಗಟ್ಟಿದರೆ ರೋಗವಿದೆ ಎಂದರ್ಥ; ಆ ಹಕ್ಕಿಯನ್ನು ಹಿಂಡಿನಿಂದ ತೆಗೆದು, ಉಳಿದವಕ್ಕೆ ಕೆಲವು ವಾರದ ನಂತರ ಮತ್ತೊಮ್ಮೆ ಮಾಡಿಸಿ. ಎಲ್ಲವೂ ಶುದ್ಧ ಎಂದು ಬರುವವರೆಗೆ ಅವುಗಳ ಮೊಟ್ಟೆಯನ್ನು ಮರಿಗೆಂದು ಯಾರಿಗೂ ಮಾರಬೇಡಿ.