ಸಂಜೆಯಾದರೆ ಕಣ್ಣು ಮುಚ್ಚುತ್ತಿದ್ದ ಕ್ಯಾಮೆರಾ

ದಾವಣಗೆರೆಯ ಎಪಿಎಂಸಿ ಪ್ರಾಂಗಣದ ಮೆಕ್ಕೆಜೋಳದ ಮಂಡಿಯೊಂದರಿಂದ ಕರೆ ಬಂದಾಗ ಸಾಹುಕಾರರ ದನಿಯಲ್ಲಿ ಬೇಸರವಿತ್ತು. ಗೇಟಿನ ಕ್ಯಾಮೆರಾ ಹಗಲೆಲ್ಲ ಚೆನ್ನಾಗಿ ತೋರಿಸುತ್ತದೆ, ಕತ್ತಲಾಗುತ್ತಿದ್ದಂತೆ ಪರದೆ ಕಪ್ಪಾಗುತ್ತದೆ. ಲಾರಿಗಳು ಮಾಲು ತುಂಬಿಕೊಂಡು ಹೊರಡುವುದೇ ಆ ಹೊತ್ತಿಗೆ. ಅದಾಗಲೇ ಎರಡು ಸಲ ಕ್ಯಾಮೆರಾ ಬದಲಾಯಿಸಿದ್ದರು. "ಇನ್ನೊಂದು ಕ್ಯಾಮೆರಾ ಹಾಕಿಸಿ ಅನ್ನುವುದಾದರೆ ಬರಲೇಬೇಡಿ" ಎಂದರು.

ಹೋದಾಗ ಮಧ್ಯಾಹ್ನ. ಕತ್ತಲಾಗುವವರೆಗೆ ಕಾಯುವ ಅಗತ್ಯವಿಲ್ಲ. ಏಣಿ ಹತ್ತಿದೆ, ಕ್ಯಾಮೆರಾದ ವಿಡಿಯೋ ತಂತಿಯನ್ನು ಕೊರಳಿಗೆ ತೂಗುಹಾಕಿಕೊಂಡಿದ್ದ ಪುಟ್ಟ ಟೆಸ್ಟರ್ ಪರದೆಗೆ ನೇರವಾಗಿ ಜೋಡಿಸಿ, ಅಂಗೈಯಿಂದ ಕ್ಯಾಮೆರಾದ ಮುಖ ಮುಚ್ಚಿದೆ. ಒಂದೆರಡು ಕ್ಷಣ ಕಳೆಯಿತು. ಒಳಗೆ ಟಿಕ್ ಎಂಬ ಸಣ್ಣ ಸದ್ದು, ಬೆರಳ ಸಂದಿಯಲ್ಲಿ ಮಂದ ಕೆಂಪು ಬೆಳಕು, ಆಮೇಲೆ ಚಿತ್ರವೇ ಇಲ್ಲ. ಮತ್ತೆ ಬಂತು, ಮತ್ತೆ ಹೋಯಿತು. ಚಿತ್ರ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್‌ನದಾಗಲಿ, ಎಪ್ಪತ್ತು ಮೀಟರ್ ವಿಡಿಯೋ ತಂತಿಯದಾಗಲಿ ತಪ್ಪಿಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಚಿತ್ರ ಹುಟ್ಟುವ ಜಾಗದಲ್ಲೇ ಸಾಯುತ್ತಿತ್ತು.

ಇನ್ನುಳಿದದ್ದು ವಿದ್ಯುತ್. ಹಿಂದೆ ಬಂದವರೂ ಮೀಟರ್ ಹಿಡಿದು ನೋಡಿದ್ದರಂತೆ, ಸರಿಯಾಗಿ 12 ವೋಲ್ಟ್ ತೋರಿಸಿತ್ತಂತೆ. ತೋರಿಸಿಯೇ ತೋರಿಸುತ್ತದೆ, ಏಕೆಂದರೆ ಕ್ಯಾಮೆರಾದ ಪಿನ್ ಕಿತ್ತು ಅಳೆದಿದ್ದರು. ಹೊರೆಯಿಲ್ಲದ, ಅಂದರೆ ಕರೆಂಟ್ ಹರಿಯದ ತಂತಿ ಎಷ್ಟು ಸಣ್ಣದಿದ್ದರೂ ಕೊನೆಯಲ್ಲಿ ಪೂರ್ತಿ ವೋಲ್ಟೇಜ್ ಇರುತ್ತದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಹೆಚ್ಚು ದುಡ್ಡು ಹಾಳುಮಾಡಿಸಿದ ತಪ್ಪನ್ನು ನಾನು ಕಂಡಿಲ್ಲ. ನಾನು ಕ್ಯಾಮೆರಾ ಓಡುತ್ತಿರುವಾಗಲೇ ಅಳೆದೆ: ಬೆಳಕಿನಲ್ಲಿ 11.1 ವೋಲ್ಟ್. ಮುಖ ಮುಚ್ಚಿದೊಡನೆ 8.4ಕ್ಕೆ ಕುಸಿಯಿತು. ರಾತ್ರಿ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡಾಗ ಆ ಕ್ಯಾಮೆರಾ ಹಗಲಿಗಿಂತ ನಾಲ್ಕು ಪಟ್ಟು ಕರೆಂಟ್ ಎಳೆಯುತ್ತಿತ್ತು, ಸುಮಾರು 0.4 ಆಂಪಿಯರ್. ಎಸ್‌ಎಂಪಿಎಸ್ ಎಂಬ 12 ವೋಲ್ಟ್ ಕೊಡುವ ವಿದ್ಯುತ್ ಪೆಟ್ಟಿಗೆ ಇದ್ದದ್ದು ಆಫೀಸಿನ ಕೋಣೆಯಲ್ಲಿ. ಅಲ್ಲಿಂದ ಗೇಟಿನವರೆಗೆ ತ್ರೀ ಪ್ಲಸ್ ಒನ್ ಕೇಬಲ್ಲಿನ (ಒಂದು ವಿಡಿಯೋ ತಂತಿ, ಮೂರು ಸಣ್ಣ ತಂತಿಗಳು ಒಟ್ಟಿಗಿರುವ ಕೇಬಲ್) ಕೂದಲೆಳೆಯಂಥ ತಂತಿಗಳೇ ಹೋಗಿದ್ದವು. ಎರಡೂ ತುದಿ ಬಿಚ್ಚಿ, ಒಂದು ತುದಿಯಲ್ಲಿ ಎರಡು ತಂತಿಗಳನ್ನು ಹೊಸೆದು ಇನ್ನೊಂದು ತುದಿಯಲ್ಲಿ ಅಳೆದಾಗ ಹೋಗಿಬರುವ ದಾರಿಯ ರೋಧ 9 ಓಮ್ ಬಂತು. 9ನ್ನು 0.4ರಿಂದ ಗುಣಿಸಿದರೆ 3.6, ಕಾಣೆಯಾದ ವೋಲ್ಟೇಜ್ ಅಷ್ಟೇ.

ಗೇಟಿನವರೆಗೆ 1 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆದೆ. ವಿಡಿಯೋ ತಂತಿಯನ್ನು ಮುಟ್ಟಲಿಲ್ಲ. ಈಗ ಮುಖ ಮುಚ್ಚಿದರೂ ಮೀಟರ್ 11ರಲ್ಲಿ ನಿಂತಿತು. 'ಕೆಟ್ಟವು' ಎಂದು ಸಾಹುಕಾರರು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟಿದ್ದ ಎರಡೂ ಕ್ಯಾಮೆರಾಗಳನ್ನು ತರಿಸಿ ಜೋಡಿಸಿದೆ. ಎರಡೂ ಸರಿಯಾಗಿದ್ದವು. ಒಂದನ್ನು ತೂಕದ ಯಂತ್ರದ ಮೇಲೆ, ಇನ್ನೊಂದನ್ನು ಗೋದಾಮಿನ ಹಿಂದೆ ಅಂದೇ ಹಾಕಿಕೊಟ್ಟೆ.

ಮಂಡಕ್ಕಿ ಭಟ್ಟಿಯೊಂದರಲ್ಲಿ ಕಂಡದ್ದು ಬೇರೆ ಬಗೆಯ ದೋಷ. ಚಿತ್ರ ಇತ್ತು, ಆದರೆ ಅಡ್ಡಪಟ್ಟಿಗಳು ನಿಧಾನವಾಗಿ ಮೇಲೇರುತ್ತಿದ್ದವು. ಬಿಎನ್‌ಸಿ ಎಂಬ ವಿಡಿಯೋ ತಂತಿಯ ಕನೆಕ್ಟರ್ ಕಿತ್ತು, ಅದರ ಹೊರಲೋಹಕ್ಕೂ ಡಿವಿಆರ್‌ನ ಮೈಗೂ ನಡುವೆ ಎಸಿ ವೋಲ್ಟೇಜ್ ಅಳೆದರೆ ಕೆಲವು ವೋಲ್ಟ್ ಇತ್ತು. ಕ್ಯಾಮೆರಾ ಕೂತದ್ದು ಕಬ್ಬಿಣದ ಕಂಬದ ಮೇಲೆ. ಆ ಕಂಬ ತಾನೇ ಒಂದು ಅರ್ತ್, ಡಿವಿಆರ್ ಕಡೆ ಇನ್ನೊಂದು. ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸ ವಿಡಿಯೋ ತಂತಿಯ ಹೊರಜಾಲರಿಯಲ್ಲಿ ಹರಿದು ಚಿತ್ರಕ್ಕೆ ಸೇರುತ್ತದೆ. ಕ್ಯಾಮೆರಾದ ಬುಡಕ್ಕೆ ದಪ್ಪ ಪ್ಲಾಸ್ಟಿಕ್ ಹಲಗೆ ಕೊಟ್ಟು, ಸ್ಕ್ರೂಗಳು ಕಂಬಕ್ಕೆ ತಾಗದಂತೆ ಕೂರಿಸಿದೆ. ಪಟ್ಟಿಗಳು ಹೋದವು. ಡಿವಿಆರ್‌ನ ಅರ್ತ್ ಪಿನ್ ಮುರಿದುಹಾಕಿದರೂ ಪಟ್ಟಿ ಹೋಗುತ್ತದೆ, ಹಾಗೆ ಮಾಡುವವರನ್ನೂ ನೋಡಿದ್ದೇನೆ. ದಯವಿಟ್ಟು ಮಾಡಬೇಡಿ, ಅದು ಜೀವ ಕಾಯುವ ತಂತಿ.

ಹಳೆಯ ಅನಲಾಗ್ ಕ್ಯಾಮೆರಾಗಳಲ್ಲಿ ಇನ್ನೊಂದು ಮಾತು. ಅವುಗಳ ಸಂಕೇತ 75 ಓಮ್ ಹೊರೆಯ ಮೇಲೆ 1 ವೋಲ್ಟ್ ಇರಬೇಕು: 0.7 ಚಿತ್ರಕ್ಕೆ, 0.3 ಚಿತ್ರದ ಸಾಲುಗಳನ್ನು ಹೊಂದಿಸುವ ಸಿಂಕ್‌ಗೆ. ಅಂಗಡಿಯವರು ಟಿ ಕನೆಕ್ಟರ್ ಹಾಕಿ ಎರಡನೆಯ ಟಿವಿಗೂ ಎಳೆದುಕೊಂಡರೆ ಹೊರೆ ಇಮ್ಮಡಿಯಾಗಿ ಚಿತ್ರ ಮಂಕಾಗುತ್ತದೆ. ಟಿ ತೆಗೆದು ಡಿವಿಆರ್‌ನಿಂದಲೇ ಟಿವಿಗೆ ಕೊಟ್ಟರೆ ಸಾಕು.

ಈಗ ಯಾವ ಕೆಲಸ ಮುಗಿಸಿದರೂ ಪ್ರತಿ ಕ್ಯಾಮೆರಾದ ಹಗಲಿನ ವೋಲ್ಟೇಜ್, ಮುಖ ಮುಚ್ಚಿದಾಗಿನ ವೋಲ್ಟೇಜ್, ತಂತಿಯ ಉದ್ದ, ದಿನಾಂಕ ಇಷ್ಟನ್ನು ಚೀಟಿಯಲ್ಲಿ ಬರೆದು ಡಿವಿಆರ್ ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಿ ಬರುತ್ತೇನೆ. ಮುಂದಿನ ಸಲ ಏಣಿ ಹತ್ತುವವರು ನಾನೇ ಆಗಿರಬೇಕೆಂದೇನೂ ಇಲ್ಲ.